ಕೂಸಿನ ನೆತ್ತಿ, ಮನೆತನದ ನೆನಪು

ಮನೆಯಲ್ಲಿ ಕೂಸು ಜನಿಸಿದೊಡನೆ ನಮ್ಮ ಹಿರಿಯರು ಮಾಡುವ ಮೊದಲ ಕೆಲಸವೆಂದರೆ ಅದರ ಮುಖದಲ್ಲಿ ಮನೆತನವನ್ನು ಹುಡುಕುವುದು. ಹಣೆ ಅಜ್ಜನದು, ಮೂಗು ಸೋದರಮಾವನದು, ಕಿವಿ ಥೇಟು ದೊಡ್ಡಮ್ಮನದು ಎಂದು ತೊಟ್ಟಿಲ ಸುತ್ತ ನಿಂತವರೆಲ್ಲ ಒಂದೊಂದನ್ನು ಹಂಚಿಕೊಡುತ್ತಾರೆ. ಜಂಗಮರು ಬಂದು ವಿಭೂತಿ ಹಚ್ಚಿ, ಲಿಂಗಧಾರಣೆ ಮಾಡಿಸುವ ಹೊತ್ತಿಗೆ ಆ ಹಸುಳೆಯ ಮೈಯಲ್ಲಿ ಎರಡೂ ಕಡೆಯ ಬೀಗರಿಗೆ ಸಮಪಾಲು ಸಿಕ್ಕಿರುತ್ತದೆ. ಆದರೆ ಯಾರ ಕಣ್ಣಿಗೂ ಬೀಳದ, ಯಾರೂ ಹೆಸರಿಡಿದು ಹೇಳದ ಇನ್ನೊಂದು ಪಾಲು ಕೂಸಿನೊಳಗೆ ಇರುತ್ತದೆ. ಅದು ರಕ್ತನಾಳಗಳ ಹೆಣಿಗೆ. ಹಣೆ, ಮೂಗುಗಳಂತೆ ಅದೂ ಹಿರಿಯರಿಂದಲೇ ಬರುತ್ತದೆ.

ಬಹುಪಾಲು ಮನೆಗಳಲ್ಲಿ ಈ ಹೆಣಿಗೆ ಸರಿಯಾಗಿಯೇ ಇರುತ್ತದೆ. ಕೆಲವೇ ಕೆಲವು ಮನೆತನಗಳಲ್ಲಿ ಮಾತ್ರ, ರಕ್ತನಾಳವನ್ನು ಕಟ್ಟುವ ವಂಶವಾಹಿಯೊಂದರಲ್ಲಿ ಆದ ತಪ್ಪು ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತದೆ. ಅದು ಒಬ್ಬರಲ್ಲಿ ಮೂಗಿನ ರಕ್ತವಾಗಿ, ಇನ್ನೊಬ್ಬರಲ್ಲಿ ಮೂರ್ಛೆಯಾಗಿ, ಮತ್ತೊಬ್ಬರಲ್ಲಿ ನಡುವಯಸ್ಸಿನ ಲಕ್ವವಾಗಿ ತೋರಿ, ಎಷ್ಟೋ ಸಲ ಏನೂ ತೋರದೆ ಕಳೆದುಹೋಗಿ, ಒಂದು ದಿನ ಇದ್ದಕ್ಕಿದ್ದಂತೆ ಮೊಮ್ಮಗುವಿನ ಮಿದುಳಿನಲ್ಲಿ ಕಾಣಿಸಿಕೊಳ್ಳಬಹುದು. ಈ ರೋಗಗಳು ವಿರಳವೆಂಬುದು ನಿಜ. ಆದರೆ ಇವುಗಳಲ್ಲಿ ಕೆಲವನ್ನು ಮುಂಚಿತವಾಗಿ ತಿಳಿದರೆ ಕೂಸು ಉಳಿಯುತ್ತದೆ. ಮುಂಚಿತವಾಗಿ ತಿಳಿಯುವ ದಾರಿ ಅನೇಕ ಸಲ ಆಸ್ಪತ್ರೆಯ ಯಂತ್ರದಲ್ಲಿರುವುದಿಲ್ಲ, ಮನೆಯ ಹಿರಿಯರ ನಾಲಗೆಯ ಮೇಲಿರುತ್ತದೆ. ಹೀಗಾಗಿಯೇ ಇದು ಕುಟುಂಬದವರೆಲ್ಲ ಕುಳಿತು ಓದಬೇಕಾದ ವಿಷಯವೆಂದು ನನಗೆ ತೋರಿದೆ.

ಹೆಣಿಗೆ ತಪ್ಪಿದಾಗ

ಮಿದುಳಿಗೆ ಹೋಗುವ ರಕ್ತವು ಅಪಧಮನಿಗಳಲ್ಲಿ ರಭಸದಿಂದ ಹರಿದು, ಕೂದಲೆಳೆಗಿಂತ ಸೂಕ್ಷ್ಮವಾದ ಲೋಮನಾಳಗಳ ಜಾಲದಲ್ಲಿ ಹರಡಿ, ಅಲ್ಲಿ ತನ್ನ ಆಮ್ಲಜನಕವನ್ನೂ ಪೋಷಕಾಂಶವನ್ನೂ ಒಪ್ಪಿಸಿ, ರಭಸ ಕಳೆದುಕೊಂಡು ಅಭಿಧಮನಿಗಳನ್ನು ಸೇರಿ ಹೃದಯಕ್ಕೆ ಮರಳುತ್ತದೆ. ಮಲಪ್ರಭೆ, ತುಂಗಭದ್ರೆಯರ ಕಾಲುವೆಗಳ ಕೆಳಗೆ ಒಕ್ಕಲುತನ ಮಾಡುವ ನಮ್ಮವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ದೊಡ್ಡ ಕಾಲುವೆಯ ನೀರು ಹೊಲಗಾಲುವೆಗಳಲ್ಲಿ ಹಂಚಿಹೋಗಿ, ಭೂಮಿಗೆ ಇಂಗಿ, ಮಿಕ್ಕದ್ದು ಮೆಲ್ಲನೆ ಬಸಿಗಾಲುವೆಯನ್ನು ಸೇರುತ್ತದೆ. ನಡುವಿನ ಹೊಲಗಾಲುವೆಗಳೇ ಇಲ್ಲದೆ ದೊಡ್ಡ ಕಾಲುವೆಯೇ ಬಸಿಗಾಲುವೆಗೆ ಬಾಯಿ ತೆರೆದರೆ ಏನಾದೀತು? ಹೊಲಕ್ಕೆ ನೀರಿಲ್ಲ, ಬಸಿಗಾಲುವೆಯ ದಂಡೆ ಒಡೆಯದೆ ಉಳಿಯುವುದಿಲ್ಲ.

ಮಿದುಳಿನಲ್ಲಿ ಅಪಧಮನಿಯು ಲೋಮನಾಳದ ನಡುವಣ ಜಾಲವಿಲ್ಲದೆ ನೇರವಾಗಿ ಅಭಿಧಮನಿಗೆ ಕೂಡಿಕೊಂಡಿರುವ ಗಂಟುಗಳು ಹೀಗೆಯೇ ವರ್ತಿಸುತ್ತವೆ. ತೆಳ್ಳನೆಯ ಅಭಿಧಮನಿ ತನ್ನದಲ್ಲದ ಒತ್ತಡವನ್ನು ಹೊತ್ತು ಉಬ್ಬುತ್ತದೆ. ಎಂದಾದರೂ ಒಡೆದರೆ ಮಿದುಳಿನೊಳಗೆ ರಕ್ತಸ್ರಾವವಾಗುತ್ತದೆ.

ಇನ್ನೊಂದು ಬಗೆಯ ದೋಷದಲ್ಲಿ ರಭಸವೇ ಇಲ್ಲ. ಲೋಮನಾಳಗಳು ಅಗಲವಾಗಿ, ಗೋಡೆ ಸಡಿಲಗೊಂಡು, ಒಂದಕ್ಕೊಂದು ಅಂಟಿದ ಪುಟ್ಟ ಪುಟ್ಟ ಗೂಡುಗಳಾಗಿ ನಿಲ್ಲುತ್ತವೆ. ವೈದ್ಯರು ಇದನ್ನು ಕ್ಯಾವರ್ನೋಮಾ ಎನ್ನುತ್ತಾರೆ. ನೋಡಲು ಹಿಪ್ಪುನೇರಳೆಯ ಹಣ್ಣಿನಂತಿರುತ್ತದೆ ಎಂದು ಪಠ್ಯಗಳು ಬಣ್ಣಿಸುತ್ತವೆ. ರೇಷ್ಮೆ ಬೆಳೆಯುವ ನಾಡಿನವರಿಗೆ ಆ ಆಕಾರ ಚೆನ್ನಾಗಿ ಗೊತ್ತು. ಈ ಗೂಡುಗಳಿಂದ ರಕ್ತ ಹನಿಹನಿಯಾಗಿ ಜಿನುಗುತ್ತದೆ, ಕೆಲವೊಮ್ಮೆ ಹೆಚ್ಚಾಗಿ ಒಸರುತ್ತದೆ. ಸುತ್ತಲಿನ ಮಿದುಳು ಕೆರಳಿ ಮೂರ್ಛೆ ಬರುತ್ತದೆ.

ಮೂರನೆಯದು ಹಸುಳೆಗಳಿಗೇ ವಿಶೇಷವಾದುದು. ಮಿದುಳಿನ ಆಳದಲ್ಲಿ, ಪ್ರಾಚೀನ ಗ್ರೀಕ್ ವೈದ್ಯ ಗ್ಯಾಲೆನ್ನನ ಹೆಸರು ಹೊತ್ತ ಒಂದು ದೊಡ್ಡ ಅಭಿಧಮನಿಯಿದೆ. ಭ್ರೂಣಾವಸ್ಥೆಯಲ್ಲಿ ಆ ಜಾಗದಲ್ಲಿದ್ದು, ಮುಂದೆ ಮಾಯವಾಗಬೇಕಾದ ನಾಳವೊಂದು ಮಾಯವಾಗದೆ ಉಳಿದು, ಅದಕ್ಕೆ ಅಪಧಮನಿಗಳು ನೇರವಾಗಿ ರಕ್ತವನ್ನು ಸುರಿಯತೊಡಗಿದರೆ ಅದು ಚೀಲದಂತೆ ಊದಿಕೊಳ್ಳುತ್ತದೆ. ಇಲ್ಲಿ ಸೃಷ್ಟಿಯ ಒಂದು ವಿಚಿತ್ರವನ್ನು ಗಮನಿಸಬೇಕು. ಗರ್ಭದಲ್ಲಿರುವ ತನಕ ಕೂಸು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ತಾಯಿಯ ಮಾಸು ಕೂಡ ರಕ್ತಕ್ಕೆ ಸುಲಭವಾದ ದಾರಿಯಾದ್ದರಿಂದ ಹರಿವು ಎರಡೂ ಕಡೆ ಹಂಚಿಹೋಗಿರುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದ ಗಳಿಗೆಯಿಂದ ಆ ಒಂದು ದಾರಿ ಮುಚ್ಚಿ, ಎಲ್ಲ ಭಾರವೂ ತಲೆಯೊಳಗಿನ ಆ ಚೀಲದ ಕಡೆ ತಿರುಗುತ್ತದೆ. ಮುಷ್ಟಿಯಷ್ಟಿಲ್ಲದ ಹೃದಯ ಅದನ್ನು ತುಂಬಿಸುವುದರಲ್ಲಿಯೇ ದಣಿದುಹೋಗುತ್ತದೆ. ದೋಷ ತಲೆಯಲ್ಲಿ, ಸೋಲುವುದು ಹೃದಯ. ಹುಟ್ಟಿದ ಮೊದಲ ದಿನಗಳಲ್ಲಿಯೇ ಏದುಸಿರು ಬಿಡುವ ಇಂಥ ಕೂಸಿಗೆ ಹೃದಯರೋಗವೆಂದೇ ಮೊದಲು ಅನುಮಾನಿಸುವುದುಂಟು.

ಇವೆಲ್ಲವೂ ಎಲ್ಲ ಕೂಸುಗಳಲ್ಲಿಯೂ ವಂಶದಿಂದಲೇ ಬಂದವೆಂದು ಯಾರೂ ತಿಳಿಯಬಾರದು. ಮಿದುಳಿನ ರಕ್ತನಾಳದ ಗಂಟುಗಳಲ್ಲಿ ಹೆಚ್ಚಿನವು ಆ ಒಂದು ಕೂಸಿಗೆ ಮಾತ್ರ ಸೇರಿದವು. ಹಿಂದಿನವರಲ್ಲಿಲ್ಲ, ಮುಂದಿನವರಿಗೆ ಹೋಗುವುದೂ ಇಲ್ಲ. ಈ ಲೇಖನದ ಕಾಳಜಿ ವಂಶದಲ್ಲಿ ಹರಿದು ಬರುವ ಉಳಿದ ಪಾಲಿನ ಬಗ್ಗೆ.

ಗುರುತು ಅಜ್ಜನ ತುಟಿಯಲ್ಲಿ

'ಅವರದು ಉಷ್ಣದ ಶರೀರ' ಎಂಬ ಮಾತು ನಮ್ಮ ಮನೆಗಳಲ್ಲಿ ಎಷ್ಟು ರೋಗಗಳನ್ನು ಮುಚ್ಚಿಟ್ಟಿದೆಯೋ ತಿಳಿಯದು. ವಾರಕ್ಕೆರಡು ಸಲ ಮೂಗಿನಿಂದ ರಕ್ತ ಸುರಿಯುವ ಅಜ್ಜ, ತಲೆಗೆ ತಣ್ಣೀರು ತಟ್ಟಿಕೊಂಡು, ಮಜ್ಜಿಗೆ ಕುಡಿದು, ಹೊಲಕ್ಕೆ ಹೊರಟುಬಿಡುತ್ತಾನೆ. ಅವನ ತಂದೆಗೂ ಹಾಗೇ ಇತ್ತಂತೆ. ಅವನ ತುಟಿಯಲ್ಲಿ, ನಾಲಗೆಯಲ್ಲಿ, ಬೆರಳ ತುದಿಯಲ್ಲಿ ಗುಂಡುಸೂಜಿಯ ತಲೆಯಷ್ಟು ಕೆಂಪು ಚುಕ್ಕೆಗಳಿರುತ್ತವೆ. ಒತ್ತಿದರೆ ಮಾಸಿ, ಬಿಟ್ಟರೆ ಮತ್ತೆ ಕೆಂಪಾಗುತ್ತವೆ. ಇದನ್ನು ಯಾರೂ ರೋಗವೆಂದು ಎಣಿಸಿರುವುದಿಲ್ಲ.

ಇದಕ್ಕೆ ವೈದ್ಯಶಾಸ್ತ್ರದಲ್ಲಿ ಆನುವಂಶಿಕ ರಕ್ತಸ್ರಾವಿ ಟೆಲಂಜಿಯೆಕ್ಟೇಸಿಯಾ ಎಂಬ ಉದ್ದನೆಯ ಹೆಸರಿದೆ, ಚಿಕ್ಕದಾಗಿ ಎಚ್.ಎಚ್.ಟಿ. ಎನ್ನುತ್ತಾರೆ. ಫ್ರಾನ್ಸಿನ ರೆಂಡು ೧೮೯೬ರಲ್ಲಿ, ವಿಲಿಯಂ ಓಸ್ಲರ್ ೧೯೦೧ರಲ್ಲಿ, ಇಂಗ್ಲೆಂಡಿನ ವೆಬರ್ ೧೯೦೭ರಲ್ಲಿ ಇದನ್ನು ವರ್ಣಿಸಿದರು. ಸುಮಾರು ೫,೦೦೦ ಜನರಲ್ಲಿ ಒಬ್ಬರಿಗೆ ಇರುವುದೆಂದು ಅಂದಾಜು. ಇದಕ್ಕೆ ಕಾರಣವಾದ ವಂಶವಾಹಿಗಳಲ್ಲಿ ಮೊದಲನೆಯದು ೧೯೯೪ರಲ್ಲಿ, ಎರಡನೆಯದು ೧೯೯೬ರಲ್ಲಿ ಪತ್ತೆಯಾಯಿತು. ಕೆರಿಬಿಯನ್ ಸಮುದ್ರದ ಕುರಸಾವೊ ದ್ವೀಪದ ಮನೆತನಗಳಲ್ಲಿ ಈ ರೋಗ ಬೇರೆಡೆಗಿಂತ ಬಹಳ ಹೆಚ್ಚು. ರೋಗವನ್ನು ಗುರುತಿಸಲು ತಜ್ಞರು ೨೦೦೦ದಲ್ಲಿ ಪ್ರಕಟಿಸಿದ ಲಕ್ಷಣಗಳಿಗೂ ಆ ದ್ವೀಪದ ಹೆಸರೇ ಇದೆ. ಮತ್ತೆ ಮತ್ತೆ ಬರುವ ಮೂಗಿನ ರಕ್ತ, ಕೆಂಪು ಚುಕ್ಕೆಗಳು, ಶ್ವಾಸಕೋಶ, ಯಕೃತ್ತು, ಮಿದುಳು ಮುಂತಾದ ಒಳಾಂಗಗಳಲ್ಲಿ ರಕ್ತನಾಳದ ಗಂಟು, ತಂದೆ-ತಾಯಿ, ಒಡಹುಟ್ಟಿದವರು ಅಥವಾ ಮಕ್ಕಳಲ್ಲಿ ಇದೇ ರೋಗ. ಈ ನಾಲ್ಕರಲ್ಲಿ ಮೂರಿದ್ದರೆ ರೋಗ ಖಚಿತ, ಎರಡಿದ್ದರೆ ಅನುಮಾನ.

ಓದುಗರು ಇಲ್ಲಿ ಸ್ವಲ್ಪ ನಿಲ್ಲಬೇಕು. ಮೂಗಿನ ರಕ್ತ ಸಾಮಾನ್ಯವಾಗಿ ಆರಂಭವಾಗುವುದು ಹತ್ತು-ಹನ್ನೆರಡರ ವಯಸ್ಸಿನ ಸುಮಾರಿಗೆ. ಚುಕ್ಕೆಗಳು ಅದಕ್ಕೂ ತಡವಾಗಿ ಬರುತ್ತವೆ. ಆದರೆ ಮಿದುಳಿನ ಗಂಟು ಹುಟ್ಟುವಾಗಲೇ ಇರಬಹುದು. ಈ ರೋಗವಿರುವವರಲ್ಲಿ ೧೦೦ಕ್ಕೆ ಸುಮಾರು ೧೦ ಮಂದಿಯ ಮಿದುಳಿನಲ್ಲಿ ರಕ್ತನಾಳದ ದೋಷವಿರುತ್ತದೆ. ಅಂದರೆ ಅಪಾಯ ತೊಟ್ಟಿಲಿನಲ್ಲಿ, ಅದರ ಗುರುತು ಮಾತ್ರ ಪಡಸಾಲೆಯಲ್ಲಿ ಕುಳಿತ ಅಜ್ಜನ ತುಟಿಯ ಮೇಲೆ. ಕೂಸನ್ನು ಎಷ್ಟೇ ನುರಿತ ವೈದ್ಯರು ಪರೀಕ್ಷಿಸಿದರೂ ಅಜ್ಜನ ಸುದ್ದಿಯನ್ನು ಯಾರಾದರೂ ಹೇಳದ ಹೊರತು ಅವರಿಗೆ ಸುಳಿವು ಸಿಗುವುದಿಲ್ಲ.

ಚರ್ಮದ ಮೇಲಿನ ಕಲೆಗಳ ಮಾತೂ ಹೀಗೆಯೇ. ಮೈಮೇಲೆ ಅಲ್ಲಲ್ಲಿ ನಸುಗೆಂಪಿನ, ಸುತ್ತ ಬಿಳಿಚಿದ ಅಂಚಿರುವ ಪುಟ್ಟ ಕಲೆಗಳುಳ್ಳ ಮನೆತನಗಳಿವೆ. ಗ್ರಹಣ ಹಿಡಿದ ಗುರುತು ಎಂದು ಅದನ್ನು ಬಸುರಿಯ ತಲೆಗೆ ಕಟ್ಟುವುದು ವಾಡಿಕೆ. ನಿಜದಲ್ಲಿ ಅದು ರಾಸಾ-೧ ಅಥವಾ ಇ.ಪಿ.ಎಚ್.ಬಿ.-೪ ಎಂಬ ವಂಶವಾಹಿಯ ದೋಷದ ಹೊರಗುರುತಾಗಿರಬಹುದು. ಮೊದಲನೆಯದರ ಪಾತ್ರ ೨೦೦೩ರಲ್ಲಿಯೂ ಎರಡನೆಯದರ ಪಾತ್ರ ೨೦೧೭ರಲ್ಲಿಯೂ ತಿಳಿದುಬಂತು. ಗ್ಯಾಲೆನ್ ಅಭಿಧಮನಿಯ ಚೀಲವಿದ್ದ ಕೆಲವು ಹಸುಳೆಗಳಲ್ಲಿಯೂ ಇವೇ ದೋಷಗಳು ಕಂಡವು. ಆ ಹಸುಳೆಗಳ ತಂದೆಯೋ ತಾಯಿಯೋ ಅದೇ ದೋಷವನ್ನು ಹೊತ್ತು, ಮೈಮೇಲೆ ಒಂದೆರಡು ಕಲೆಗಳ ಹೊರತು ಬೇರೇನೂ ಇಲ್ಲದೆ ಆರೋಗ್ಯವಾಗಿದ್ದ ಉದಾಹರಣೆಗಳಿವೆ. ಒಂದೇ ತಪ್ಪು ಒಬ್ಬರಲ್ಲಿ ಕಲೆ, ಇನ್ನೊಬ್ಬರಲ್ಲಿ ಪ್ರಾಣಾಪಾಯ.

ನಾಲ್ಕು ನೂರು ವರ್ಷದ ಒಂದು ಮನೆತನ

ಕ್ಯಾವರ್ನೋಮಾ ೨೦೦ ಜನರಲ್ಲಿ ಸುಮಾರು ಒಬ್ಬರ ಮಿದುಳಿನಲ್ಲಿರುತ್ತದೆ. ಬಹಳ ಜನರಿಗೆ ಅದು ಜೀವಮಾನವಿಡೀ ತಿಳಿಯುವುದೇ ಇಲ್ಲ. ಒಂಟಿ ಗೂಡಿದ್ದರೆ ಅದು ಹೆಚ್ಚಾಗಿ ಆ ವ್ಯಕ್ತಿಗೆ ಸೀಮಿತ. ಹಲವು ಗೂಡುಗಳಿದ್ದರೆ, ಮನೆಯಲ್ಲಿ ಇನ್ನೂ ಒಬ್ಬರಿಗೆ ಮೂರ್ಛೆಯೋ ಮಿದುಳಿನ ರಕ್ತಸ್ರಾವವೋ ಆಗಿದ್ದರೆ, ಅದು ವಂಶದ್ದೆಂದು ಶಂಕಿಸಬೇಕು. ಇದಕ್ಕೆ ಕಾರಣವಾಗುವ ಮೂರು ವಂಶವಾಹಿಗಳು ತಿಳಿದಿವೆ. ಎರಡು ೭ನೆಯ ವರ್ಣತಂತುವಿನ ಮೇಲೆ, ಒಂದು ೩ನೆಯದರ ಮೇಲೆ. ಈ ಮೂರನೆಯದು ಕೆಟ್ಟಿರುವ ಮಕ್ಕಳಲ್ಲಿ ರಕ್ತಸ್ರಾವ ಎಳೆಯ ವಯಸ್ಸಿನಲ್ಲಿಯೇ ಆಗುವ ಸಂಭವ ಹೆಚ್ಚು.

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಕತೆಯನ್ನು ಇಲ್ಲಿ ಹೇಳಬೇಕು. ಸುಮಾರು ನಾಲ್ಕು ಶತಮಾನಗಳ ಹಿಂದೆ ಸ್ಪೇನಿನ ಮೂಲದ ಕುಟುಂಬಗಳು ಅಲ್ಲಿಗೆ ಬಂದು ನೆಲೆಸಿದವು. ಬಂದವರಲ್ಲಿ ಯಾರೋ ಒಬ್ಬರು ೭ನೆಯ ವರ್ಣತಂತುವಿನ ಮೇಲೆ ಒಂದೇ ಒಂದು ಅಕ್ಷರದಷ್ಟು ತಪ್ಪನ್ನು ಹೊತ್ತು ಬಂದಿದ್ದರು. ಅವರ ಮಕ್ಕಳು, ಮಕ್ಕಳ ಮಕ್ಕಳು ಎಂದು ಆ ತಪ್ಪು ಹರಡಿತು. ಅಲ್ಲಿನ ಊರುಗಳಲ್ಲಿ ಮೂರ್ಛೆ, ತಲೆನೋವು, ಅಕಾಲದ ಲಕ್ವ ತಲೆಮಾರುಗಳ ಕಾಲ ಬಿಡಿಬಿಡಿ ದುಃಖಗಳಾಗಿಯೇ ಉಳಿದಿದ್ದವು. ೧೯೯೯ರಲ್ಲಿ ಆ ವಂಶವಾಹಿ ಪತ್ತೆಯಾದ ಮೇಲೆ ಎಲ್ಲವೂ ಒಂದೇ ಬಳ್ಳಿಯ ಕಾಯಿಗಳೆಂದು ತಿಳಿದುಬಂತು. ಅಲ್ಲಿನ ಜನ ವೈದ್ಯರೊಂದಿಗೆ ಕುಳಿತು ವಂಶಾವಳಿಗಳನ್ನು ಬಿಡಿಸಿದರು. ಒಂದು ಮನೆಯ ಮುದುಕಿಯ ನೆನಪು ಇನ್ನೊಂದು ಮನೆಯ ಕೂಸಿಗೆ ಎಚ್ಚರಿಕೆಯಾಯಿತು.

ವಂಶಾವಳಿಯ ವಿಷಯದಲ್ಲಿ ನಾವೇನೂ ಬಡವರಲ್ಲ. ಎತ್ತಿನ ಮೇಲೆ ಕುಳಿತು ಬಾಗಿಲಿಗೆ ಬರುವ ಹೆಳವರು ಏಳೆಂಟು ತಲೆಮಾರಿನ ಹೆಸರುಗಳನ್ನು ನಿರರ್ಗಳವಾಗಿ ಹೇಳಿ, ಕಾಳು-ಕಡಿ ಪಡೆದು ಹರಸಿ ಹೋಗುತ್ತಾರೆ. ಆದರೆ ಹೆಳವರ ಹೊತ್ತಿಗೆ ಗಂಡುಮಕ್ಕಳ ದಾರಿಯನ್ನು ಹಿಡಿದು ಸಾಗುತ್ತದೆ. ಕೊಟ್ಟ ಹೆಣ್ಣುಮಕ್ಕಳು ಅಲ್ಲಿಂದ ಮರೆಯಾಗುತ್ತಾರೆ. ವಂಶವಾಹಿ ಆ ಭೇದ ಮಾಡುವುದಿಲ್ಲ. ಅದು ಮಗನೊಂದಿಗೆ ಮನೆಯಲ್ಲಿ ಉಳಿಯುವಷ್ಟೇ ಸಹಜವಾಗಿ ಮಗಳೊಂದಿಗೆ ಬೇರೆ ಊರಿಗೆ, ಬೇರೆ ಮನೆಯ ಹೆಸರಿಗೆ ಹೋಗುತ್ತದೆ. ಯಾರು ಯಾವಾಗ ಏನಾಗಿ ಲಿಂಗೈಕ್ಯರಾದರು ಎಂಬುದಂತೂ ಆ ಹೊತ್ತಿಗೆಯಲ್ಲಿಲ್ಲ.

ಯಾರ ತಪ್ಪೂ ಅಲ್ಲದ್ದು

ಈ ರೋಗಗಳು ಇಳಿದು ಬರುವ ರೀತಿ ಸರಳವಾಗಿದೆ. ಪ್ರತಿ ವಂಶವಾಹಿಯ ಎರಡು ಪ್ರತಿಗಳು ನಮ್ಮಲ್ಲಿವೆ, ಒಂದು ತಂದೆಯದು, ಒಂದು ತಾಯಿಯದು. ಇಲ್ಲಿ ಒಂದು ಪ್ರತಿ ಕೆಟ್ಟಿದ್ದರೂ ಸಾಕು. ದೋಷವಿರುವವರು ತಂದೆಯಾಗಲಿ ತಾಯಿಯಾಗಲಿ, ಪ್ರತಿ ಬಸಿರಿನಲ್ಲಿಯೂ ಕೂಸಿಗೆ ಅದು ದಾಟುವ ಸಂಭವ ಎರಡರಲ್ಲಿ ಒಂದು. ಗಂಡು, ಹೆಣ್ಣು ಎಂಬ ವ್ಯತ್ಯಾಸವಿಲ್ಲ. ಮೊದಲ ಕೂಸಿಗೆ ಬಂದಿತೆಂದು ಎರಡನೆಯದು ಪಾರಾಗುವುದಿಲ್ಲ, ಎರಡನೆಯದಕ್ಕೆ ಬರಲೇಬೇಕೆಂದೂ ಇಲ್ಲ. ಪ್ರತಿ ಸಲವೂ ಹೊಸದಾಗಿ ನಾಣ್ಯ ಚಿಮ್ಮಿದಂತೆ. ಕೆಲವೊಮ್ಮೆ ತಂದೆ-ತಾಯಿ ಇಬ್ಬರಲ್ಲಿಯೂ ಇಲ್ಲದ ತಪ್ಪು ಕೂಸಿನಲ್ಲಿಯೇ ಮೊದಲ ಬಾರಿಗೆ ಹುಟ್ಟುವುದೂ ಉಂಟು.

ನಮ್ಮಲ್ಲಿ ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ತಂದುಕೊಳ್ಳುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ರಕ್ತಸಂಬಂಧದ ಮದುವೆಯಿಂದ ಹುಟ್ಟುವ ಮಕ್ಕಳಲ್ಲಿ ಕೆಲವು ಬಗೆಯ ರೋಗಗಳು ಹೆಚ್ಚೆಂಬ ತಿಳಿವಳಿಕೆ ಹರಡಿರುವುದು ಒಳ್ಳೆಯದೇ. ಆದರೆ ಅದರಿಂದ ಇನ್ನೊಂದು ತಪ್ಪು ಎಣಿಕೆ ಹುಟ್ಟಿದೆ. 'ನಾವು ದೂರದ ಸಂಬಂಧ ಮಾಡಿದ್ದೇವೆ, ನಮ್ಮ ಮನೆಗೆ ವಂಶದ ರೋಗ ಹೇಗೆ ಬಂದೀತು?' ಎನ್ನುವವರಿದ್ದಾರೆ. ಒಂದೇ ಪ್ರತಿ ಕೆಟ್ಟರೆ ಬರುವ ಈ ರೋಗಗಳಿಗೆ ಸಂಬಂಧ ಹತ್ತಿರದ್ದಾದರೇನು, ದೂರದ್ದಾದರೇನು! ಹಾಗೆಂದು ಹತ್ತಿರದ ಸಂಬಂಧ ಇಲ್ಲಿ ನಿರಪಾಯವೂ ಅಲ್ಲ. ಒಂದೇ ದೋಷವನ್ನು ಹೊತ್ತ ಇಬ್ಬರು ಕೂಡಿದರೆ ಅದು ದಾಟುವ ಸಂಭವ ನಾಲ್ಕರಲ್ಲಿ ಮೂರಕ್ಕೆ ಏರುತ್ತದೆ.

ಕೂಸಿಗೆ ಮೂರ್ಛೆ ಬಂದರೆ ಬಾಲಗ್ರಹವೆನ್ನುವುದು, ಸೊಸೆಯ ಕಾಲ್ಗುಣವೆನ್ನುವುದು, ಗ್ರಹಣದಲ್ಲಿ ಹೊರಬಂದಳೆನ್ನುವುದು, ಹಿಂದಿನ ಜನ್ಮದ ಪಾಪವೆನ್ನುವುದು ಇನ್ನೂ ನಿಂತಿಲ್ಲ. ಜನನಸೂತಕವನ್ನೂ ಸೇರಿಸಿ ಪಂಚಸೂತಕಗಳನ್ನು ಅಲ್ಲಗಳೆದ ಶರಣರ ಮಕ್ಕಳೆಂದು ಹೇಳಿಕೊಳ್ಳುವ ಮನೆಗಳಲ್ಲಿಯೂ ಬಾಣಂತಿಯ ಮೇಲೆ ಈ ಮಾತಿನ ಮೈಲಿಗೆ ಬೀಳುತ್ತಿರುವುದು ನೋವಿನ ಸಂಗತಿ. ಹನ್ನೆರಡನೆಯ ಶತಮಾನದ ಆ ಕೂಟದಲ್ಲಿ ವೈದ್ಯ ಸಂಗಣ್ಣನೆಂಬ ವೈದ್ಯನೂ ಇದ್ದನೆಂಬುದನ್ನು ಮರೆಯಬಾರದು. ರೋಗ, ಔಷಧಗಳ ಪರಿಭಾಷೆಯಲ್ಲಿಯೇ ಆತ ವಚನಗಳನ್ನು ಬರೆದ. ಮೂರ್ಛೆ ಬಂದ ಎಳೆಗೂಸಿನ ಹೊಟ್ಟೆಗೆ ಕಾಯಿಸಿದ ಕಬ್ಬಿಣದಿಂದ ಬರೆ ಹಾಕುವುದನ್ನಂತೂ ಯಾವ ನಂಬಿಕೆಯ ಹೆಸರಿನಲ್ಲಿಯೂ ಕ್ಷಮಿಸಲಾಗದು. ಮಿದುಳಿನಲ್ಲಿ ರಕ್ತ ಒಸರುತ್ತಿರುವಾಗ ಹೊಟ್ಟೆಯ ಮೇಲೊಂದು ಗಾಯ ಕೂಡುತ್ತದೆ, ಕೂಸನ್ನು ಉಳಿಸಬಹುದಾಗಿದ್ದ ಗಂಟೆಗಳು ಕಳೆದುಹೋಗುತ್ತವೆ.

ಎರೆಯುವ ಅಜ್ಜಿಗೆ ಕಾಣುವುದು

ಕೂಸಿಗೆ ಎಣ್ಣೆ ಹಚ್ಚಿ ಎರೆಯುವ ಅಜ್ಜಿಯ ಅಂಗೈಗೆ ಅದರ ನೆತ್ತಿ ಚೆನ್ನಾಗಿ ಪರಿಚಿತ. ಕೂಸು ಶಾಂತವಾಗಿ, ನೆಟ್ಟಗೆ ಕುಳಿತ ಭಂಗಿಯಲ್ಲಿರುವಾಗ ನೆತ್ತಿ ಸಮತಟ್ಟಾಗಿ, ಮೆತ್ತಗೆ ಇರಬೇಕು. ಅಳದಿದ್ದಾಗಲೂ ಅದು ಉಬ್ಬಿ ಬಿಗಿದಿದ್ದರೆ ತಲೆಯೊಳಗಿನ ಒತ್ತಡ ಹೆಚ್ಚಿದೆಯೆಂದು ತಿಳಿಯಬೇಕು. ತುಂಬು ತಿಂಗಳಿಗೆ ಹುಟ್ಟಿದ ಕೂಸಿನ ತಲೆಯ ಸುತ್ತಳತೆ ಸುಮಾರು ೩೩ರಿಂದ ೩೫ ಸೆಂಟಿಮೀಟರ್. ಮೊದಲ ಮೂರು ತಿಂಗಳು ಅದು ತಿಂಗಳಿಗೆ ಸುಮಾರು ೨ ಸೆಂಟಿಮೀಟರಿನಂತೆ, ಮುಂದಿನ ಮೂರು ತಿಂಗಳು ೧ರಂತೆ, ಆಮೇಲೆ ಅರ್ಧದಂತೆ ಬೆಳೆಯುತ್ತದೆ. ಇದಕ್ಕಿಂತ ಬಹಳ ಬೇಗನೆ ಬೆಳೆದರೆ, ಹಣೆ ಮತ್ತು ಕಪಾಲದ ಮೇಲೆ ನರಗಳಂತೆ ಕಾಣುವ ಅಭಿಧಮನಿಗಳು ಎದ್ದು ಕಂಡರೆ, ಕಣ್ಣುಗುಡ್ಡೆ ಕೆಳಕ್ಕೆ ಇಳಿದು ಮೇಲೆ ಬಿಳಿ ಭಾಗ ತೋರಿದರೆ ತಡಮಾಡಬಾರದು. ಲಸಿಕೆಗೆ ಹೋದಾಗ ತೂಕದ ಜೊತೆಗೆ ತಲೆಯ ಅಳತೆಯನ್ನೂ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳುವುದು ಒಂದು ನಿಮಿಷದ ಕೆಲಸ.

ಮೊಲೆ ಕುಡಿಯುತ್ತಲೇ ಏದುಸಿರು ಬಂದು ಬಿಟ್ಟುಬಿಡುವುದು, ಹಣೆ ಬೆವರುವುದು, ತೂಕ ಏರದಿರುವುದು ಹೃದಯ ದಣಿದುದರ ಸೂಚನೆ. ಒಂದೇ ಕೈ ಅಥವಾ ಒಂದೇ ಕಾಲು ಅದುರುವುದು, ದೃಷ್ಟಿ ಒಂದೆಡೆ ನೆಟ್ಟು ನಿಲ್ಲುವುದು, ಎಬ್ಬಿಸಿದರೂ ಏಳದ ಮಂಪರು, ಬಿಡದ ವಾಂತಿ, ಇವು ಕಂಡರೆ ಅದೇ ಗಳಿಗೆಯಲ್ಲಿ ಆಸ್ಪತ್ರೆ ಸೇರಬೇಕು. ವರ್ಷ ತುಂಬುವ ಮೊದಲೇ ಕೂಸು ಒಂದೇ ಕೈಯನ್ನು ಬಳಸುತ್ತಿದ್ದರೆ 'ಎಡಚ' ಎಂದು ನಕ್ಕು ಬಿಡಬಾರದು. ಇನ್ನೊಂದು ಕೈಯಲ್ಲಿ ಬಲವಿಲ್ಲದಿರಬಹುದು.

ಎಳೆಗೂಸಿನ ಮಿದುಳಿನ ರಕ್ತಸ್ರಾವಕ್ಕೆ ಇನ್ನೂ ಒಂದು ಕಾರಣವಿದೆ, ವಿಟಮಿನ್ ಕೆ ಕೊರತೆ. ಅದು ವಂಶದ್ದಲ್ಲ, ಹುಟ್ಟಿದೊಡನೆ ಕೊಡುವ ೧ ಮಿಲಿಗ್ರಾಂ ಚುಚ್ಚುಮದ್ದಿನಿಂದ ತಪ್ಪುವಂಥದು. ಹೆರಿಗೆಯಾದ ಕಡೆ ಅದನ್ನು ಕೊಟ್ಟರೇ ಎಂದು ಕೇಳಿ ತಿಳಿದುಕೊಳ್ಳಬೇಕು.

ಪರೀಕ್ಷೆ, ಚಿಕಿತ್ಸೆ

ಹಸುಳೆಯ ನೆತ್ತಿ ತೆರೆದಿರುವುದೇ ವೈದ್ಯರಿಗೆ ಒಂದು ಕಿಟಕಿ. ಅದರ ಮೇಲೆ ಅಲ್ಟ್ರಾಸೌಂಡ್ ಯಂತ್ರದ ಹಿಡಿಕೆಯನ್ನಿಟ್ಟು, ನೋವಿಲ್ಲದೆ, ನಿದ್ರೆಯ ಔಷಧವಿಲ್ಲದೆ ದೊಡ್ಡ ದೋಷಗಳನ್ನು ಕಾಣಬಹುದು. ಸಣ್ಣವನ್ನು ಕಾಣಲು ಎಂ.ಆರ್.ಐ. ಬೇಕು. ಗ್ಯಾಲೆನ್ ಅಭಿಧಮನಿಯ ಚೀಲವು ಗರ್ಭಿಣಿಯ ಸ್ಕ್ಯಾನಿನಲ್ಲಿಯೂ ಕಾಣುತ್ತದೆ, ಆದರೆ ಹೆಚ್ಚಾಗಿ ಕೊನೆಯ ಮೂರು ತಿಂಗಳಲ್ಲಿ. ಐದನೆಯ ತಿಂಗಳ ಸ್ಕ್ಯಾನ್ ಸರಿಯಿತ್ತೆಂಬುದರಿಂದ ಅದಿಲ್ಲವೆಂದಾಗುವುದಿಲ್ಲ.

ಒಂದು ಕಾಲದಲ್ಲಿ ಗ್ಯಾಲೆನ್ ದೋಷವೆಂದರೆ ಬಹುಮಟ್ಟಿಗೆ ಮರಣಶಾಸನವೇ ಆಗಿತ್ತು. ತಲೆ ತೆರೆದು ಮಾಡುವ ಶಸ್ತ್ರಕ್ರಿಯೆಯನ್ನು ಹಸುಳೆಗಳು ತಾಳುತ್ತಿರಲಿಲ್ಲ. ಪ್ಯಾರಿಸಿನ ಪಿಯರ್ ಲಾಜೋನಿಯಾ ಮುಂತಾದವರು, ತೊಡೆಯ ಸಂದಿನ ಅಪಧಮನಿಯಿಂದ ಎಳೆಯಂಥ ಕೊಳವೆಯನ್ನು ಮಿದುಳಿನ ತನಕ ಸಾಗಿಸಿ, ತಪ್ಪು ಕೂಡುವಿಕೆಯ ಬಾಯಿಗೆ ಅಂಟು ತುಂಬಿ ಮುಚ್ಚುವ ವಿಧಾನವನ್ನು ಬೆಳೆಸಿದರು. ಹೃದಯ ಔಷಧದಿಂದ ತಡೆದುಕೊಳ್ಳುವಂತಿದ್ದರೆ ಕೂಸಿಗೆ ಸುಮಾರು ಐದು ತಿಂಗಳಾಗುವ ತನಕ ಕಾದು, ಹಂತಹಂತವಾಗಿ ಇದನ್ನು ಮಾಡುತ್ತಾರೆ. ತಲೆ ದೊಡ್ಡದಾಗುತ್ತಿದೆಯೆಂದು ಅವಸರದಿಂದ ನೀರು ಬಸಿಯುವ ಕೊಳವೆ ಹಾಕುವುದಕ್ಕಿಂತ ಮೂಲದ ಹರಿವನ್ನು ಮೊದಲು ಮುಚ್ಚುವುದು ಮೇಲೆಂಬುದು ಅವರ ಅನುಭವ. ೨೦೨೩ರ ಮಾರ್ಚಿನಲ್ಲಿ ಬಾಸ್ಟನ್ ನಗರದ ವೈದ್ಯರು ಇನ್ನೂ ಮುಂದೆ ಹೋಗಿ, ೩೪ ವಾರದ ಕೂಸು ಗರ್ಭದಲ್ಲಿರುವಾಗಲೇ ಸೂಜಿಯ ಮೂಲಕ ಈ ಚೀಲವನ್ನು ತುಂಬಿದರು; ಎರಡು ದಿನಗಳಲ್ಲಿ ಜನಿಸಿದ ಆ ಹೆಣ್ಣುಕೂಸಿನ ಹೃದಯಕ್ಕೆ ಔಷಧದ ಆಸರೆ ಬೇಕಾಗಲಿಲ್ಲ.

ಕ್ಯಾವರ್ನೋಮಾಕ್ಕೆ ಈ ದಾರಿ ಇಲ್ಲ. ಅಲ್ಲಿ ಮೂರ್ಛೆಗೆ ಔಷಧ, ಕಾಲಕಾಲಕ್ಕೆ ಎಂ.ಆರ್.ಐ.; ಮತ್ತೆ ಮತ್ತೆ ರಕ್ತ ಒಸರಿದರೆ, ಮೂರ್ಛೆ ಹತೋಟಿಗೆ ಬಾರದಿದ್ದರೆ, ಕೈಗೆಟಕುವ ಜಾಗದಲ್ಲಿದ್ದರೆ ಮಾತ್ರ ಶಸ್ತ್ರಕ್ರಿಯೆ. ಕಂಡ ಗಂಟನ್ನೆಲ್ಲ ಕೂಡಲೇ ತೆಗೆಸಬೇಕೆಂಬ ಹಟ ಸಲ್ಲದು. ಒಡೆಯದ ಗಂಟುಗಳ ಬಗ್ಗೆ ವಯಸ್ಕರಲ್ಲಿ ನಡೆದು ೨೦೧೪ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಚಿಕಿತ್ಸೆಗೆ ಕೈಹಾಕಿದವರಿಗಿಂತ ಹಾಗೆಯೇ ನೋಡಿಕೊಂಡವರಲ್ಲಿ ಲಕ್ವ ಮತ್ತು ಸಾವು ಕಡಿಮೆಯಿತ್ತು. ಮಕ್ಕಳ ಲೆಕ್ಕವೇ ಬೇರೆ, ಅವರ ಮುಂದೆ ಇಡೀ ಆಯುಷ್ಯವಿದೆ. ಆದ್ದರಿಂದ ಪ್ರತಿ ಕೂಸಿನ ವಿಷಯವನ್ನು ಬೇರೆಯಾಗಿಯೇ ತೂಗಿ ನೋಡಬೇಕಾಗುತ್ತದೆ. ಇಂಥ ತೀರ್ಮಾನಕ್ಕೆ ನರರೋಗ ತಜ್ಞರು, ಶಸ್ತ್ರವೈದ್ಯರು, ಕೊಳವೆ ಹಾಕಿ ಚಿಕಿತ್ಸೆ ಮಾಡುವವರು ಒಂದೇ ಕಡೆ ಇರುವ ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗೆ ಒಮ್ಮೆಯಾದರೂ ತೋರಿಸುವುದು ಲೇಸು. ಹೋಗುವಾಗ ಹಳೆಯ ಸ್ಕ್ಯಾನಿನ ಚಿತ್ರಗಳನ್ನು, ಬರಿ ವರದಿಯನ್ನಲ್ಲ, ಜೊತೆಗೆ ಒಯ್ಯಬೇಕು.

ಮಗಳಿಗೆ ಹೇಳಬೇಕಾದ್ದು

ನಮ್ಮ ಸಮಾಜದ ಪತ್ರಿಕೆಗಳ ವಧೂ-ವರರ ಅಂಕಣಗಳಲ್ಲಿ ಎತ್ತರ, ಬಣ್ಣ, ಪದವಿ, ಸಂಬಳ, ಒಳಪಂಗಡ ಎಲ್ಲಕ್ಕೂ ಜಾಗವಿದೆ. ಮನೆಯಲ್ಲೊಬ್ಬರಿಗೆ ಮೂರ್ಛೆಯಿದೆಯೆಂಬುದನ್ನು ಮಾತ್ರ ಅಕ್ಕಪಕ್ಕದವರಿಗೂ ತಿಳಿಯದಂತೆ ಮುಚ್ಚಿಡುತ್ತೇವೆ. ಹೆಣ್ಣುಮಕ್ಕಳ ಮದುವೆ ನಿಂತೀತೆಂಬ ಭಯ ಪೊಳ್ಳೆಂದು ನಾನು ಹೇಳಲಾರೆ, ನಿಂತ ಉದಾಹರಣೆಗಳಿವೆ. ಊರಿಗೆಲ್ಲ ಡಂಗುರ ಹೊಡೆಸಬೇಕಾಗಿಲ್ಲ. ಆದರೆ ವೈದ್ಯರಿಂದ ಮುಚ್ಚಿಡುವುದು ಬೇರೆ, ಕೊಟ್ಟ ಮಗಳಿಂದಲೇ ಮುಚ್ಚಿಡುವುದು ಬೇರೆ. ಅಣ್ಣನಿಗೆ ರೋಗವಿದೆಯೆಂದು ಗೊತ್ತಾದ ದಿನವೇ ಮದುವೆಯಾಗಿ ಹೋದ ತಂಗಿಗೂ ಅದು ಗೊತ್ತಾಗಬೇಕು, ಅವಳೂ ಆ ಪಾಲನ್ನು ಒಯ್ದಿರಬಹುದು. ಎಚ್.ಎಚ್.ಟಿ. ಇರುವ ಹೆಣ್ಣುಮಕ್ಕಳಲ್ಲಿ ಶ್ವಾಸಕೋಶದ ಗಂಟು ಬಸಿರಿನಲ್ಲಿ ಒಡೆಯುವ ಅಪಾಯವಿರುವುದರಿಂದ ಅದನ್ನು ಬಸಿರಿಗೆ ಮೊದಲೇ ಪರೀಕ್ಷಿಸಬೇಕು. ಚೊಚ್ಚಲ ಹೆರಿಗೆ ತವರಿನಲ್ಲಾಗುವುದು ನಮ್ಮ ಪದ್ಧತಿ. ತವರಿನ ಹಿರಿಯರೇ ಎದುರಿಗಿರುವ ಆ ತಿಂಗಳುಗಳಲ್ಲಿ ಎರಡೂ ಕಡೆಯ ಮೂರು ತಲೆಮಾರಿನ ರೋಗ-ರುಜಿನಗಳನ್ನು ಒಂದು ಹಾಳೆಯಲ್ಲಿ ಬರೆದು ಮಕ್ಕಳ ವೈದ್ಯರ ಕೈಗೆ ಕೊಡುವುದು ಕಷ್ಟವಲ್ಲ. ಮೂಗಿನ ರಕ್ತ, ಮೂರ್ಛೆ, ೫೦ರೊಳಗಿನ ಲಕ್ವ, ಮಿದುಳಿನ ರಕ್ತಸ್ರಾವ, ಕಾರಣ ತಿಳಿಯದೆ ತೀರಿಕೊಂಡ ಎಳೆಗೂಸುಗಳು, ಇಷ್ಟು ಬರೆದರೆ ಸಾಕು.

ವಂಶವಾಹಿಯ ಪರೀಕ್ಷೆಗೆ ಒಂದು ಕ್ರಮವಿದೆ. ಮೊದಲು ರಕ್ತ ಕೊಡಬೇಕಾದವರು ರೋಗವಿರುವ ಹಿರಿಯರು, ಕೂಸಲ್ಲ. ಅಜ್ಜನಲ್ಲಿಯೋ ತಂದೆಯಲ್ಲಿಯೋ ತಪ್ಪು ಯಾವ ವಂಶವಾಹಿಯ ಯಾವ ಜಾಗದಲ್ಲಿದೆಯೆಂದು ಗೊತ್ತಾದರೆ, ಆಮೇಲೆ ಕೂಸಿನಲ್ಲಿ ಅದೊಂದನ್ನೇ ನೋಡಿದರೆ ಸಾಕಾಗುತ್ತದೆ. ಕೂಸನ್ನೇ ಮೊದಲು ಪರೀಕ್ಷಿಸಿ 'ಏನೂ ಸಿಗಲಿಲ್ಲ' ಎಂದು ಬಂದರೆ ಅದಕ್ಕೆ ಅರ್ಥವಿರುವುದಿಲ್ಲ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂಥ ಕಡೆ ಈ ಬಗ್ಗೆ ಕೂತು ತಿಳಿಹೇಳುವವರಿದ್ದಾರೆ. ಎಚ್.ಎಚ್.ಟಿ. ಮನೆತನದ ಮಕ್ಕಳಿಗೆ, ಲಕ್ಷಣವಿಲ್ಲದಿದ್ದರೂ, ಮಿದುಳಿನ ಎಂ.ಆರ್.ಐ. ಮಾಡಿಸುವುದು ಒಳ್ಳೆಯದೆಂದು ೨೦೨೦ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ತಜ್ಞರ ಮಾರ್ಗಸೂಚಿ ಹೇಳುತ್ತದೆ. ಎಲ್ಲ ದೇಶಗಳ ವೈದ್ಯರೂ ಇದನ್ನು ಒಪ್ಪಿಲ್ಲವಾದ್ದರಿಂದ ನಮ್ಮ ವೈದ್ಯರೊಡನೆ ಮಾತನಾಡಿ ನಿರ್ಧರಿಸಬೇಕು. ಮನೆತನದ ತಪ್ಪು ಕೂಸಿನಲ್ಲಿಲ್ಲವೆಂದು ಪರೀಕ್ಷೆಯಲ್ಲಿ ತಿಳಿದರೆ ಆ ಕೂಸಿಗೆ ಈ ರೋಗಕ್ಕಾಗಿ ಇನ್ನಾವ ಸ್ಕ್ಯಾನೂ ಬೇಡ, ಕಾಯುವುದೂ ಬೇಡ. ಅದರಿಂದ ಮುಂದೆ ಹುಟ್ಟುವ ಮಕ್ಕಳಿಗೂ ಆ ತಪ್ಪು ಹೋಗುವುದಿಲ್ಲ.